ಬೇಡವೆಂದ ಗಾಳಿ

ಸಿಲಿಂಡರು ಉರುಳಿಸಿಕೊಂಡು ಬರುವ ಸದ್ದಿಗೇ ಓಬವ್ವ ಗಂಡನ ಮಂಚಕ್ಕೆ ಅಡ್ಡ ನಿಂತುಬಿಟ್ಟಳು.

"ಬ್ಯಾಡ ಸಿಸ್ಟರಮ್ಮ. ಸೂಜಿ ಬೇಕಾದಷ್ಟು ಚುಚ್ರಿ, ಬಾಟ್ಲಿ ಏರಿಸ್ರಿ. ಆ ಗ್ಯಾಸ್ ಮಾತ್ರ ನಮ್ಮೆಜಮಾನ್ರಿಗೆ ಹಾಕಾಕೆ ನಾ ಬಿಡಾದಿಲ್ಲ."

ನರ್ಸ್ ನಿರ್ಮಲಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಮಂಚದ ಮೇಲೆ ಚಿಕ್ಕಹನುಮಂತಪ್ಪ ನ್ಯುಮೋನಿಯಾದಲ್ಲಿ ಏದುಸಿರು ಬಿಡುತ್ತಿದ್ದಾನೆ, ಉಗುರೆಲ್ಲ ನೀಲಿ. ಮೀಟಿಂಗಿಗೆಂದು ದಾವಣಗೆರೆಗೆ ಹೋದ ಡಾಕ್ಟರು ಸಂಜೆಯ ಬಸ್ಸಿಗೇ ಬರುವುದು. ಇತ್ತ ಈ ಹೆಂಗಸಿನ ಹಟ! ಆದರೆ ಅವಳ ತಪ್ಪಾದರೂ ಏನು ಹೇಳಿ. ಎಪ್ಪತ್ತರ ದಶಕದಲ್ಲಿ ಜಗಳೂರು ಸೀಮೆಯ ಆ ಪುಟ್ಟ ಆಸ್ಪತ್ರೆಗೆ ಇದ್ದದ್ದು ಒಂದೇ ಆಕ್ಸಿಜನ್ ಸಿಲಿಂಡರು, ಒಂದೇ ರಬ್ಬರ್ ಮಾಸ್ಕು. ಖಾಲಿಯಾದರೆ ಇನ್ನೊಂದು ಯಾವ ಕಾಲಕ್ಕೆ ಬರುತ್ತದೋ ಎಂದು ಜೀವ ಗಂಟಲಿಗೆ ಬಂದವರಿಗಷ್ಟೇ ಹಾಕುತ್ತಿದ್ದರು. ಹಾಕಿಸಿಕೊಂಡವರೆಲ್ಲ ಹೋಗಿಬಿಡುತ್ತಿದ್ದರು. ಗ್ಯಾಸ್ ಹಾಕಿದರು ಅಂದರೆ ನೆಂಟರಿಷ್ಟರಿಗೆ ಹೇಳಿಕಳಿಸಿ ಅಂತಲೇ ಸುತ್ತಲ ಹಳ್ಳಿಯವರಿಗೆ ಅರ್ಥ. ಚಿಕ್ಕಹನುಮಂತಪ್ಪನೂ ಸಿಲಿಂಡರನ್ನು ಕಂಡವನೇ ಮುಖವನ್ನು ಗೋಡೆಗೆ ತಿರುಗಿಸಿಕೊಂಡ.

ನಿರ್ಮಲಮ್ಮ ಗದರಿಸಿದಳು, ಗದ್ದ ಹಿಡಿದು ಬೇಡಿದಳು, ಮಾಸ್ಕನ್ನು ತನ್ನ ಮುಖಕ್ಕೇ ಒತ್ತಿಕೊಂಡು ತೋರಿಸಿದಳು. ನೀವು ಗಟ್ಟಿಮುಟ್ಟಾಗಿರೋರು, ನಿಮಗೇನಾಗುತ್ತೆ ಎಂದಳು ಓಬವ್ವ. ಆಗ ನಿರ್ಮಲಮ್ಮನಿಗೆ ಒಂದು ಉಪಾಯ ಹೊಳೆಯಿತು. ಪಕ್ಕದ ಮಂಚದಲ್ಲಿ ಉಬ್ಬಸದ ಸುಬಾನಸಾಬ ಇದ್ದ. ಇಂಜೆಕ್ಷನ್ನಿಗೆ ಆಗಲೇ ಸುಮಾರು ಸುಧಾರಿಸಿಕೊಂಡಿದ್ದ, ನಾಳೆಯೋ ನಾಡಿದ್ದೋ ಮನೆಗೆ ಹೋಗುವ ಆಳು. ಅವನಿಗೆ ಹಾಕಿ ತೋರಿಸಿದರೆ ಇವಳು ನಂಬದೆ ಎಲ್ಲಿ ಹೋಗುತ್ತಾಳೆ? ಅವನ ಹೆಂಡತಿ ಮೆಹರಾಜ್ ಬೇಗಂ ಮೊದಲು ಅತ್ತೇಬಿಟ್ಟಳು. ಅವಳನ್ನು ಒಪ್ಪಿಸುವಷ್ಟರಲ್ಲಿ ನಿರ್ಮಲಮ್ಮನಿಗೆ ಸಾಕೋಸಾಕಾಯಿತು.

ಸಿಲಿಂಡರಿಗೆ ಕಟ್ಟಿದ್ದ ಸೀಸೆಯ ನೀರಿನಲ್ಲಿ ಬುಳುಬುಳು ಗುಳ್ಳೆ ಎದ್ದವು. ಸ್ವಲ್ಪ ಹೊತ್ತಿಗೆಲ್ಲ ಸುಬಾನಸಾಬ ದಿಂಬಿಗೊರಗಿ ಕೂತ. ಎದೆ ಮೇಲಿನ ಚಪ್ಪಡಿ ಎತ್ತಿಟ್ಟಂಗಾತು ಎಂದು ಮಾಸ್ಕು ಸರಿಸಿ ವಾರ್ಡಿಗೆಲ್ಲ ಕೇಳುವಂತೆ ಹೇಳಿದ, ಚಹಾ ತರಿಸು ಎಂದು ಹೆಂಡತಿಗೆ ಅಂದ. ಓಬವ್ವ ಕಣ್ಣರಳಿಸಿ ನೋಡಿದಳು. ಬಂದು ನಿರ್ಮಲಮ್ಮನ ಎರಡೂ ಕೈ ಹಿಡಿದುಕೊಂಡಳು.

"ನಂದು ತಪ್ಪಾತು ಕಣ್ರಮ್ಮ. ನಮ್ಮೋರಿಗೂ ಹಾಕ್ರಿ."

ಸದ್ಯ, ದೇವರು ದೊಡ್ಡವನು ಎಂದುಕೊಂಡು ನಿರ್ಮಲಮ್ಮ ಸುಬಾನಸಾಬನ ಮಾಸ್ಕಿಗೆ ಕೈ ಹಾಕಿದಳು. ಆ ಕೈಯನ್ನು ಮೆಹರಾಜ್ ಬೇಗಂ ತಡೆದಳು.

"ತೆಗೀಬ್ಯಾಡ್ರಿ. ಇದ್ರಿಂದ್ಲೇ ಈಗ ಅವರ ಉಸಿರು ನಡೀತಾ ಐತೆ. ತೆಗೆದ್ರೆ ನಿಂತೇ ಹೋಗ್ತೈತೆ."

ಅವರಿಗೆ ಇನ್ನು ಬೇಕಾಗಿಲ್ಲ, ಆರಾಮಾಗಿದ್ದಾರೆ, ನಾನು ಬರೀ ತೋರಿಸಲಿಕ್ಕೆ ಹಾಕಿದ್ದು ಎಂದು ನಿರ್ಮಲಮ್ಮ ಎಷ್ಟು ಹೇಳಿದರೂ ಅವಳ ತಲೆಗೆ ಹೋಗಲಿಲ್ಲ. ರಬ್ಬರ್ ನಳಿಗೆಯನ್ನು ಮುಷ್ಟಿಯಲ್ಲಿ ಬಿಗಿದುಕೊಂಡಳು. ಹೆಂಡತಿಯ ಭಯ ಗಂಡನಿಗೂ ಹತ್ತಿ, ಅವನು ಎರಡೂ ಕೈಯಿಂದ ಮಾಸ್ಕನ್ನು ಮುಖಕ್ಕೆ ಒತ್ತಿಕೊಂಡ. ಓಬವ್ವ ಸೆರಗೊಡ್ಡಿ ಬೇಡಿದಳು, ಬೇಗಂಳ ಕಾಲಿಗೆ ಬಿದ್ದಳು. ಇಬ್ಬರೂ ಅಳುತ್ತಿದ್ದರು. ಇಬ್ಬರಿಗೂ ಗಂಡ ಬದುಕಬೇಕಿತ್ತು, ಅಷ್ಟೇ. ಈ ಎಳೆದಾಟದಲ್ಲಿ ಗೋಡೆ ಕಡೆಯ ಏದುಸಿರು ನಿಂತದ್ದು ಯಾರ ಗಮನಕ್ಕೂ ಬರಲಿಲ್ಲ.

ಗಮನಕ್ಕೆ ಬಂದಾಗ ನಿರ್ಮಲಮ್ಮ ಓಡಿಹೋಗಿ ಅವನ ಎದೆ ಒತ್ತಿದಳು, ಒತ್ತಿಯೇ ಒತ್ತಿದಳು. ಮೆಹರಾಜ್ ಬೇಗಂ ತಾನಾಗಿಯೇ ಗಂಡನ ಮುಖದಿಂದ ಮಾಸ್ಕನ್ನು ಕಿತ್ತು ತಂದುಕೊಟ್ಟಳು. ಓಬವ್ವ ಅದನ್ನು ಚಿಕ್ಕಹನುಮಂತಪ್ಪನ ಮೂಗಿಗೆ ಒತ್ತಿ ಹಿಡಿದಳು. ಹೋಗಿಬಿಟ್ಟರು ಕಣಮ್ಮ, ಬಿಡು ಎಂದರೆ ಕೇಳಲೊಲ್ಲಳು.

"ಇನ್ನಷ್ಟು ಜೋರಾಗಿ ಬಿಡ್ರಿ ಸಿಸ್ಟರಮ್ಮ."

ಸಿಲಿಂಡರಿನ ಚಾವಿ ತಿರುಗಿಸಿ ನಿಲ್ಲಿಸಲು ನಿರ್ಮಲಮ್ಮನಿಗೆ ಕೈ ಬರಲಿಲ್ಲ. ಹಾಳು ಬುದ್ಧಿ ನನ್ನದು ಎಂದು ತನ್ನನ್ನು ತಾನೇ ಶಪಿಸಿಕೊಳ್ಳುತ್ತ ತಲೆ ಎತ್ತಿದರೆ, ವಾರ್ಡಿನ ಬಾಗಿಲಲ್ಲಿ ಯಾರೋ ಒಬ್ಬ ನಿಂತಿದ್ದ. ಹೆಗಲ ಮೇಲೆ ಪುಟ್ಟ ಮಗಳು. ಉಸಿರು ಸಾಲದೆ ಅವಳ ಪಕ್ಕೆಗಳು ಒಳಗೆ ಹೊರಗೆ ಎಳೆದಾಡುತ್ತಿದ್ದವು. ಹೆಣದ ಮುಖದ ಮೇಲಿದ್ದ ಮಾಸ್ಕನ್ನು ನೋಡಿದವನೇ ಅವನು ಮಗಳ ಕಣ್ಣಿಗೆ ಅಂಗೈ ಮುಚ್ಚಿ ಹಿಂದಕ್ಕೆ ತಿರುಗಿದ.

ನಿಲ್ಲಪ್ಪಾ ಎಂದು ಕೂಗುತ್ತ ನಿರ್ಮಲಮ್ಮ ರಸ್ತೆಯವರೆಗೂ ಓಡಿದಳು. ಅವಳು ಓಡಿದಷ್ಟೂ ಅವನು ಇನ್ನೂ ಜೋರಾಗಿ ಓಡಿದ.