ಅರ್ಧ ಗಂಟೆಯಲ್ಲಿ ಕುಮಟಾ

ಮಂಕಿ ಊರಿನ ಹಂಪ್ ಕಂಡದ್ದೇ ಪಾಂಡು ಬ್ರೇಕ್ ಒತ್ತಿದ. ಪಕ್ಕದ ಸೀಟಿನಲ್ಲಿ ಗಡಿಯಾರ ಹಿಡಿದು ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ನಾಗಭೂಷಣನ ಹಣೆ ಗಾಜಿಗೆ ಬಡಿಯುವುದರಲ್ಲಿತ್ತು.

“ಎಂತ ಮಾರಾಯ, ದಿಬ್ಬಣ ಹೊರಟವನ ಹಾಗೆ ಹೋಗ್ತೀಯಲ್ಲ. ಒತ್ತು.”

“ಸಾರ್, ಇದರ ಹೊಟ್ಟೆ ನೆಲಕ್ಕೆ ನಾಲ್ಕೇ ಬೆರಳು. ಕೆರೆದರೆ ಸರಿ ಮಾಡಿಸಲಿಕ್ಕೆ ನಾನು ಮನೆ ಮಾರಬೇಕು.”

ಪಾಂಡು ಠಾಣೆಯ ಜೀಪಿನ ಡ್ರೈವರ್. ಸ್ಪೋರ್ಟ್ಸ್ ಕಾರಿನ ಸ್ಟಿಯರಿಂಗ್ ಮುಟ್ಟಿದ್ದು ಅವನ ಜನ್ಮದಲ್ಲಿ ಇದೇ ಮೊದಲು. ಆ ಕೆಂಪು ಕಾರು ಹಂಪನ್ನು ಓರೆಯಾಗಿ ಹತ್ತಿ ಇಳಿಯಿತು, ಆಮೇಲೆ ಗುಡುಗಿತು. ನಾಗಭೂಷಣನ ಉಸಿರು ಹಗುರಾಯಿತು. ಸರಿಯಾಗಿ ಹನ್ನೊಂದೂ ಹತ್ತಕ್ಕೆ ಕಾಯ್ಕಿಣಿ ಬಿಟ್ಟಿದ್ದರು. ಹನ್ನೊಂದೂ ನಲವತ್ತರೊಳಗೆ ಕುಮಟಾದ ಪೆಟ್ರೋಲ್ ಬಂಕ್ ಮುಟ್ಟಿದರೆ ಸಂಜಯ ಜೈಲಿಗೆ. ಮುಟ್ಟದಿದ್ದರೆ ಸಂಜಯ ಮುಂದಿನ ತಿಂಗಳು ದುಬೈಗೆ, ಕೆಲಸಕ್ಕೆ.

ನಡೆದದ್ದು ಇಷ್ಟು. ಹೋದ ಸೋಮವಾರ ಕಾಯ್ಕಿಣಿಯ ಸಣ್ಣಮ್ಮ ಬೆಳಿಗ್ಗೆ ಶೇಂಗಾ ಕೀಳಲು ಹೋದವಳು ಮುಚ್ಚಂಜೆಗೆ ಬಂದು ನೋಡಿದರೆ ಮನೆಯ ಬೀಗ ಮುರಿದಿತ್ತು. ಮೊಮ್ಮಗಳ ಮದುವೆಗೆಂದು ಇಟ್ಟಿದ್ದ ಎರಡೆಳೆ ಸರ ಮಾಯ. ಅವಳ ಬೇಲಿಯ ಹತ್ತಿರ ಕೆಂಪು ಕಾರು ನಿಂತದ್ದನ್ನು ಗದ್ದೆಗೆ ಹೋಗುತ್ತಿದ್ದ ಸುಕ್ರಿ ಕಂಡಿದ್ದಳು. ಎಷ್ಟು ಹೊತ್ತಿಗೆ ಎಂದು ಕೇಳಿದರೆ, “ಹೊತ್ತು ಯಾರು ನೋಡ್ತಾರೆ ತಮಾ, ನನಗೆ ನನ್ನ ಕೆಲಸ” ಎಂದುಬಿಟ್ಟಳು.

ಆ ಸೀಮೆಗೆ ಅಂಥ ಕಾರು ಒಂದೇ. ಧಣಿ ಇರುವುದು ದುಬೈಯಲ್ಲಿ. ವಾರಕ್ಕೊಮ್ಮೆ ಓಡಿಸದಿದ್ದರೆ ಬ್ಯಾಟರಿ ಇಳಿಯುತ್ತದೆಂದು ಕೀಲಿಯನ್ನು ಮಾವಳ್ಳಿಯ ಮೆಕ್ಯಾನಿಕ್ ಸಂಜಯನ ಕೈಗೆ ಕೊಟ್ಟಿದ್ದ. ಚೊಲೋ ಹುಡುಗ ಎಂದು ಊರೆಲ್ಲ ಹೇಳುತ್ತಿತ್ತು. ಊರು ಹೇಳಿದ್ದನ್ನೆಲ್ಲ ನಂಬಿದರೆ ಠಾಣೆಗೆ ಬೀಗ ಜಡಿಯಬೇಕಾಗುತ್ತದೆ.

ಕರೆಸಿದ ಕೂಡಲೇ ಸಂಜಯ ಒಂದೇ ಉಸಿರಿಗೆ ಒಪ್ಪಿಸಿದ. “ಎಮ್ಮೆ ಅಡ್ಡ ಬಂತು, ಬೇಲಿ ಹತ್ರ ನಿಲ್ಲಿಸಿದ್ದು ಹೌದು ಸಾರ್. ಆಮೇಲೆ ಸೀದಾ ಕುಮಟಾ. ಹನ್ನೊಂದೂ ನಲವತ್ತಕ್ಕೆ ಬಂಕಿನಲ್ಲಿದ್ದೆ. ಬೇಕಾದ್ರೆ ಕ್ಯಾಮೆರಾ ನೋಡಿ.”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ,” ಎಂದು ನಕ್ಕ ನಾಗಭೂಷಣ. “ಹನ್ನೊಂದೂ ಹತ್ತಕ್ಕೆ ಅಲ್ಲಿ, ನಲವತ್ತಕ್ಕೆ ಕುಮಟಾದಲ್ಲಿ. ಹತ್ರ ಹತ್ರ ಐವತ್ತು ಕಿಲೋಮೀಟರ್. ಬೇರೆಯವರಿಗೆ ಆಗದ್ದು ಇವನಿಗೆ ಆಗ್ತದೆ ಮೇಡಂ, ಈ ಗಾಡಿ ಇದೆಯಲ್ಲ.”

“ನಾನು ಹತ್ತೂವರೆಗೇ ಅಲ್ಲಿಂದ ಹೊರಟಿದ್ದೆ,” ಎಂದ ಸಂಜಯ. ಕಳ್ಳ ಹೇಳುವ ಹೊತ್ತನ್ನು ಯಾವ ಪೊಲೀಸ್ ನಂಬುತ್ತಾನೆ?

ಎಸ್‌ಐ ವೀಣಾ ಮೇಡಂ ವಹಿಯಲ್ಲಿ ಎಂತದೋ ಬರೆದುಕೊಂಡರು. “ಆತು. ಆಗ್ತದೋ ಇಲ್ಲವೋ ನೋಡಿ ಬನ್ನಿ,” ಎಂದರು.

ನಾಗಭೂಷಣ ನೋಡಿಯೇ ನೋಡಿದ. ಬಸ್ಸು ಲೆಕ್ಕಕ್ಕೇ ಇಲ್ಲ. ಹೊನ್ನಾವರ ಸ್ಟ್ಯಾಂಡಿನಲ್ಲಿ ಡ್ರೈವರ್ ಚಾ ಕುಡಿದು ಬರುವಷ್ಟರಲ್ಲೇ ಹೊತ್ತು ಮುಗಿದಿರುತ್ತದೆ. ರೈಲು ಓಡುತ್ತದೆ, ಆದರೆ ಬೇಕಾದಾಗ ಬರುವುದಿಲ್ಲ. ಭಾವನ ಮಗನ ರೇಸಿಂಗ್ ಬೈಕು ತಂದು ತಾನೇ ಹತ್ತಿದ; ಶರಾವತಿ ಸೇತುವೆಯ ಮೇಲೆ ಗಾಳಿ ಅಡ್ಡ ಎಳೆದು ಜೀವ ಬಾಯಿಗೆ ಬಂತು. ಮೂವತ್ತೊಂಬತ್ತು ನಿಮಿಷ. ಸೈರನ್ ಹಾಕಿದ ಆಂಬುಲೆನ್ಸ್ ನಲವತ್ತೆರಡು. ಮೀನಿನ ಪಿಕಪ್ಪು ಐಸ್ ನೀರು ಸುರಿಸುತ್ತ, ಯಮನಿಗೂ ಸೈಡ್ ಕೊಡದೆ, ಮೂವತ್ತಾರು. ಇವತ್ತು ಸ್ವಲ್ಪ ನಿಧಾನವಾಯಿತೆಂದು ಅದರ ಡ್ರೈವರ್ ಬೇಸರಪಟ್ಟ. ಉಳಿದದ್ದು ಕೆಂಪು ಕಾರು ಒಂದೇ.

ಇಷ್ಟು ಮುತುವರ್ಜಿಯನ್ನು ನಾಗಭೂಷಣ ಇಪ್ಪತ್ತು ವರ್ಷದಲ್ಲಿ ಯಾವ ಕೇಸಿಗೂ ತೋರಿಸಿದವನಲ್ಲ. ಕಾಯ್ಕಿಣಿ ಅವನ ಬೀಟು. ಯಾರು ಗದ್ದೆಗೆ ಎಷ್ಟಕ್ಕೆ ಹೋಗುತ್ತಾರೆ, ಯಾರ ಮನೆಯ ಬೀಗ ಎಂಥದ್ದು, ಎಲ್ಲ ಬಾಯಿಪಾಠ. ಅಲ್ಲೇ ಕಳವಾದರೆ ಮರ್ಯಾದೆ ಉಳಿಯುತ್ತದೆಯೇ? ಈ ಕೇಸು ಮುಗಿಯಬೇಕು, ಬೇಗ ಮುಗಿಯಬೇಕು. ಅದನ್ನು ನೆನೆದರೆ ಅವನಿಗೆ ಊಟ ಇಳಿಯುತ್ತಿರಲಿಲ್ಲ.

ಹೊನ್ನಾವರ ಹಿಂದೆ ಬಿತ್ತು. ಪಾಂಡುವಿಗೂ ಈಗ ಹುರುಪು ಬಂದಿತ್ತು. ಮೀನಿನ ಗಾಡಿಯೊಂದು ಹಾರ್ನ್ ಹೊಡೆಯುತ್ತ ಬೆನ್ನು ಹತ್ತಿ, ಸೋತು ಹಿಂದುಳಿಯಿತು. ಬಂಕಿನೊಳಗೆ ಕಾರು ನುಗ್ಗಿದಾಗ ಗಡಿಯಾರ ಹನ್ನೊಂದೂ ಮೂವತ್ತೆಂಟು ತೋರಿಸುತ್ತಿತ್ತು.

ವೀಣಾ ಮೇಡಂ ಜೀಪಿಗೆ ಒರಗಿ ಕಾಯುತ್ತಿದ್ದರು. ಪಕ್ಕದಲ್ಲಿ ಸಂಜಯ. ಅವನು ಆ ಕಾರನ್ನೇ ನೋಡುತ್ತಿದ್ದ, ಸಾಕಿದ ನಾಯಿಯೇ ಕಚ್ಚಿದವನ ಹಾಗೆ.

“ಇಪ್ಪತ್ತೆಂಟು ನಿಮಿಷ ಮೇಡಂ. ಎರಡು ನಿಮಿಷ ಉಳಿದೇ ಹೋಯ್ತು.”

“ನನ್ನ ಮೇಲೆ ಎಂತಕ್ಕೆ ಸಾರ್ ಇಷ್ಟು ಹಟ?” ಸಂಜಯ ಒಂದು ಹೆಜ್ಜೆ ಮುಂದೆ ಬಂದ. “ನನ್ನ ವೀಸಾ ಹೋಗ್ತದೆ.”

“ಹಟ ನನ್ನದಲ್ಲ ತಮಾ, ಗಡಿಯಾರದ್ದು.”

ಮೇಡಂ ಗಡಿಯಾರ ಇಸಿದುಕೊಂಡು ನೋಡಿದರು, ವಹಿ ತೆರೆದು ಬರೆದರು. “ಬಸ್ಸು, ಬೈಕು, ಆಂಬುಲೆನ್ಸು, ಮೀನಿನ ಗಾಡಿ. ಒಂದನ್ನೂ ಬಿಡಲಿಲ್ಲ ನೀವು. ಎಲ್ಲದಕ್ಕೂ ಹನ್ನೊಂದೂ ಹತ್ತರಿಂದಲೇ ಲೆಕ್ಕ, ಅಲ್ಲವೋ?”

“ಹೌದು ಮೇಡಂ. ಒಂದು ನಿಮಿಷ ಆಚೀಚೆ ಇಲ್ಲ.”

ಮೇಡಂ ಪಾಂಡುವಿನತ್ತ ತಲೆಯಾಡಿಸಿದರು. ಅವನು ಬಂದು ನಾಗಭೂಷಣನ ಬೆನ್ನ ಹಿಂದೆ ನಿಂತ.

“ಸಣ್ಣಮ್ಮ ಮನೆಗೆ ಬಂದದ್ದು ಮುಚ್ಚಂಜೆಗೆ, ನಾಗಭೂಷಣ ಅವರೇ. ಕಳ್ಳ ಹನ್ನೊಂದೂ ಹತ್ತಕ್ಕೆ ಹೊರಬಿದ್ದ ಅಂತ ನಿಮಗೆ ಯಾರು ಹೇಳಿದ್ದು?”