ಘಾಣೇರಿಯ ಬೇರು

ಒಂದೇ ಗೊಂಚಲಿನಲ್ಲಿ ನಡುವಿನ ಹೂಗಳು ಹಳದಿ, ಅಂಚಿನವು ಗುಲಾಬಿ. ಮೊನ್ನೆ ಬೆಳಗಾವಿಯ ಅನಗೋಳದ ನರ್ಸರಿಯೊಂದರ ಕುಂಡದಲ್ಲಿ ಲಂಟಾನಾ ಕಂಡು, ಎಲೆ ಹೊಸಕಿ ಮೂಸಿದಾಗ ಅಜ್ಜಿಯ ಊರು ಖಾನಾಪುರದ ಒಂದು ಮಧ್ಯಾಹ್ನ ನೆನಪಾಯಿತು.

ನನಗೆ ಆಗ ಹತ್ತು ವರ್ಷ. ಅಲ್ಲಿ ಅದಕ್ಕೆ ಘಾಣೇರಿ ಅನ್ನುತ್ತಿದ್ದರು. ಅಜ್ಜಿಯ ಹಿತ್ತಲಿನ ಬೇಲಿಯನ್ನೆಲ್ಲ ಅದು ನುಂಗಿತ್ತು. ಅಜ್ಜಿ ಗುದ್ದಲಿಯಿಂದ ಬುಡದ ಗಂಟಿನ ಕೆಳಗೆ ಕಡಿದು ಕೊಡುತ್ತಿದ್ದಳು. ನಾನು ಬೇರು ಮೇಲೆ ಮಾಡಿ ಬಂಡೆಗೆ ಒರಗಿಸುತ್ತಿದ್ದೆ.

“ಮಣ್ಣಿಗಿ ತಾಗಿಸಬ್ಯಾಡ, ಮತ್ತ ಚಿಗುರತೈತಿ” ಎಂದಳು. ಮುಳ್ಳು ಗೀರಿ ನನ್ನ ಬೆರಳುಗಳು ಉರಿಯುತ್ತಿದ್ದವು.

ಬೇಲಿಯಾಚೆ ಪಕ್ಕದ ಮನೆಯ ಶೇವಂತಾ ಕಾಕು ಖಾಲಿ ಕೊಡ ಹಿಡಿದು ನಿಂತಿದ್ದಳು. ನೀರಿಗೆ ಅವಳು ನಮ್ಮ ಬಾವಿಗೇ ಬರಬೇಕಿತ್ತು.

“ಹೂವಿನ ಹುಚ್ಚು ನಿನಗ. ಈ ಗಿಡಾ ನೀನ ಹಚ್ಚೀದಿ” ಎಂದಳು ಅಜ್ಜಿ.

“ಖರೇ ಹೇಳ್ತೀನ್ರೀ ಆಯಿ, ನಾ ಹಚ್ಚಿಲ್ಲ.”

“ಹಂಗಾರ ತಾನ ನಡಕೊಂತ ಬಂತೇನು? ನಾಳಿಯಿಂದ ನಮ್ಮ ಬಾವಿಗಿ ಬರಬ್ಯಾಡ.”

ಅದಕ್ಕೂ ಮೂರು ವರ್ಷ ಹಿಂದೆ ಬೆಳಗಾವಿಯ ನಮ್ಮ ಮನೆಯಂಗಳದಿಂದ ಇದೇ ಗಿಡದ ಒಂದು ಟೊಂಗೆ ತಂದು ಆ ಬೇಲಿಯ ಬಳಿ ಊರಿದವಳು ನಾನು, ಅಜ್ಜಿಯ ಹಿತ್ತಲಿನಲ್ಲೂ ಹೂವಿರಲಿ ಎಂದು. ಹೇಳಲು ಬಾಯಿ ತೆರೆದೆ. ಅಜ್ಜಿ ಇನ್ನೊಂದು ಗಿಡ ಕೈಗಿಟ್ಟಳು. ಅದನ್ನು ಬಂಡೆಗೆ ಒರಗಿಸಲು ತಿರುಗಿದೆ. ಕಾಕು ಖಾಲಿ ಕೊಡ ಹೊತ್ತು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಅಜ್ಜಿ ಹಾಲು ತರಲು ಹೋದಾಗ, ನಾನು ಸಣ್ಣ ಕೊಡದಲ್ಲಿ ಎರಡು ಸಲ ನೀರು ಸೇದಿ ಕಾಕುವಿನ ಬಾಗಿಲಿಗೆ ಒಯ್ದೆ.

“ಯಾರು ಕಳಿಸ್ಯಾರ, ಕೂಸ?” ಎಂದು ಕೇಳಿದಳು.

“ಅಜ್ಜಿ” ಎಂದೆ.