ಹಿಂದಿನ ಸೀಟಿನ ಮೂವರು

ವ್ಯಾನಿನ ಜಾರುಬಾಗಿಲನ್ನು ವಿದ್ಯಾವತಿ ತಾನು ಎಳೆಯಲಿಲ್ಲ. ಏಳು ವರ್ಷದ ಸಿದ್ದಲಿಂಗನ ಕೈಯಿಂದ ಎಳೆಸಿದಳು. ಹುಡುಗ ಒಂದೇ ಜಗ್ಗಿಗೆ ತೆರೆದು ಹೆಮ್ಮೆಯಿಂದ ನಕ್ಕ.

“ಇದು ಬ್ಯಾಡ,” ಎಂದಳು.

“ಮೂರ ಹುಡುಗೂರು ಅಂತೀರಿ ಅಕ್ಕಾರ. ಇದರಾಗ ಆಟದ ಬಯಲಿದ್ದಂಗ ಜಾಗಾ ಐತಿ,” ಎಂದ ಶಮಶುದ್ದೀನ. ಸಿಂದಗಿಯಲ್ಲಿ ಹಳೆಯ ಕಾರುಗಳನ್ನು ಮಾರುವವನು ಅವನು.

“ಆಟಾ ಬಯಲಾಗಽ ಇರಲಿ. ಇವ ಓಡೂ ಗಾಡಿ ಬಾಗಿಲಾ ತಗದಾನು.”

ಶಮಶುದ್ದೀನ ಆಕೆಯ ಜೊತೆ ಬಂದಿದ್ದ ಶ್ರೀಶೈಲನ ಕಡೆ ನೋಡಿದ. ಅವನು ದೂರದಲ್ಲಿ, ಬೇವಿನ ಮರದ ಕೆಳಗೆ, ಒಂದು ತಗಡಿನ ಟ್ರಂಕಿನ ಪಕ್ಕ ನಿಂತಿದ್ದ. ಬಂದಾಗಿನಿಂದ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಮಾತಾಡಿರಲಿಲ್ಲ.

“ಸಾಹೇಬ್ರ, ನೀವೇನಂತೀರಿ?”

“ಅವರು ಹೇಳಿದ್ದಽ ಆಗಲಿ.”

ಮನೆಯಲ್ಲಿ ಜಗಳವಾಡಿ ಬಂದಿದ್ದಾರೆ ಎಂದುಕೊಂಡ ಶಮಶುದ್ದೀನ. ಸಿಟ್ಟು ಬಂದಾಗ ಹೆಂಡತಿಗೆ ‘ಅವರು’ ಎನ್ನುವ ಗಂಡಂದಿರನ್ನು ಅವನು ಕಂಡಿದ್ದ. ಅಂಥ ಜಗಳ ಹೊಸ ಕಾರಿನಲ್ಲೇ ಮುಗಿಯುವುದನ್ನೂ ಕಂಡಿದ್ದ.

ಮೇ ತಿಂಗಳ ಬಿಸಿಲು. ವಿದ್ಯಾವತಿ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು, ಮೂರು ವರ್ಷದ ಭುವನೇಶ್ವರಿಯನ್ನು ಸೊಂಟದ ಮೇಲೆ ಕೂಡಿಸಿಕೊಂಡು ಮುಂದಿನ ಕಾರಿಗೆ ನಡೆದಳು. ಕೂಸು ಆಕೆಯ ಕೊರಳು ಬಿಡುತ್ತಿರಲಿಲ್ಲ. ನಡುವಿನವ ಗುರುನಾಥ ಸೀರೆಯ ನೆರಿಗೆ ಹಿಡಿದು ಹಿಂದೆಯೇ ಬಂದ. ಅವನ ಹುಬ್ಬಿನ ಮೇಲೆ ಹೊಲಿಗೆಯ ಗುರುತಿತ್ತು. ಹೋದ ವರ್ಷ ಯಂಕಂಚಿಯ ತಿರುವಿನಲ್ಲಿ ಟಂಟಂ ರಿಕ್ಷಾದಿಂದ ಬಿದ್ದದ್ದು. ಆಗ ಶ್ರೀಶೈಲ ಮುದ್ದೇಬಿಹಾಳದಲ್ಲಿ, ನೌಕರಿಯ ಮೇಲಿದ್ದ. ರಕ್ತ ಸೋರುವ ಹುಡುಗನನ್ನು ಎತ್ತಿಕೊಂಡು ದವಾಖಾನೆಗೆ ಓಡಿದವಳು ವಿದ್ಯಾವತಿ. ಆವತ್ತಿನಿಂದ ಯಾವ ಗಾಡಿಯನ್ನು ಕಂಡರೂ ಆಕೆಯ ಕಣ್ಣು ಮೊದಲು ಹೋಗುತ್ತಿದ್ದುದು ಬಾಗಿಲಿಗೆ.

ಮುಂದಿನದು ಬಿಳಿ ಅಂಬಾಸಿಡರ್. ಹಿಂದಿನ ಸೀಟು ಮಂಚದಂತೆ ಅಗಲ. ಮೂವರನ್ನೂ ಹತ್ತಿಸಿ ಕೂಡಿಸಿದಳು, ಮಲಗಿಸಿ ನೋಡಿದಳು, ಮತ್ತೆ ಎಬ್ಬಿಸಿ ಕೂಡಿಸಿದಳು.

“ಸಣ್ಣಾಕಿ ನಡುವ ಇರಬೇಕು,” ಎಂದಳು. ಶಮಶುದ್ದೀನನಿಗಲ್ಲ, ಬೇವಿನ ಮರದ ಕಡೆಗೆ. “ಉಂಡ ಕೂಡಲೆ ಗಾಡಿ ಏರಿಸಬಾರದು, ವಾಂತಿ ಮಾಡ್ಕೋತಾಳ. ಗುರುನಾಥಗ ಕಿಡಕಿ ಬೇಕು, ಇಲ್ಲಾಂದ್ರ ಊರತನಾ ಅಳ್ತಾನ. ಸಿದ್ದಗ ನಿದ್ದಿ ಹತ್ತಿತಂದ್ರ ತಲಿ ಗಾಜಿಗೆ ಬಡೀತದ. ಟಾವೆಲ್ ಮಡಚಿ ಇಡಬೇಕು.”

“ಹೌದ್ರಿ,” ಎಂದ ಶ್ರೀಶೈಲ, ಪಾಠ ಕೇಳುವ ಹುಡುಗನಂತೆ.

“ಸ್ವಂತ ಮಕ್ಕಳ ಸುದ್ದಿನೂ ಹೇಳಿಸ್ಕೋಬೇಕಾತಲ್ರಿ ಸಾಹೇಬ್ರ,” ಎಂದು ಶಮಶುದ್ದೀನ ನಕ್ಕ.

ವಿದ್ಯಾವತಿ ಹಿಂದಿನ ಬಾಗಿಲಿನ ಒಳಹಿಡಿಕೆಯನ್ನು ಮುಟ್ಟಿ ನೋಡುತ್ತಿದ್ದಳು. “ಎಲ್ಲಾ ಛಲೋ ಐತಿ. ಆದ್ರ ಇದನ್ನೂ ಅವ ತಗೀತಾನ.”

ಬೇರೆ ವ್ಯಾಪಾರಿಯಾಗಿದ್ದರೆ ಹುಡುಗನನ್ನು ಹೆದರಿಸಿ ಸುಮ್ಮನಿರಿಸಿ ಎನ್ನುತ್ತಿದ್ದ. ಶಮಶುದ್ದೀನ ಒಳಗೆ ಹೋದ. ಸ್ಕ್ರೂಡ್ರೈವರ್ ತಂದು, ಮೊಣಕಾಲೂರಿ ಕೂತು, ಹಿಂದಿನ ಎರಡೂ ಬಾಗಿಲುಗಳ ಒಳಹಿಡಿಕೆಗಳನ್ನು ಬಿಚ್ಚಿದ. ತೂತಿಗೆ ಬೆರಳು ಸಿಕ್ಕೀತೆಂದು ಮೇಲೆ ರಬ್ಬರಿನ ತುಂಡು ಅಂಟಿಸಿದ.

“ಈಗ ಹೊರಗಿಂದಷ್ಟಽ ತೆರೀತದ. ನನ್ನ ಮೊಮ್ಮಕ್ಕಳ ಸಲುವಾಗಿ ನಮ್ಮ ಗಾಡಿಗೂ ಹಿಂಗಽ ಮಾಡೇನಿ. ಆದ್ರ ದೊಡ್ಡವರು ಹಿಂದ ಕುಂತ್ರ ತ್ರಾಸ ನೋಡ್ರಿ. ನೀವು ಇಳೀಬೇಕಂದ್ರ ಸಾಹೇಬ್ರಽ ಬಂದು ಬಾಗಿಲಾ ತಗೀಬೇಕು, ರಾಣೀಗೆ ತಗದಂಗ.”

“ನಾ ಹಿಂದ ಕೂಡೂದಿಲ್ಲ.”

“ಹಂಗಾದ್ರ ಮುಂದ, ಸಾಹೇಬ್ರ ಬಾಜೂಕ. ಇನ್ನೂ ಛಲೋ ಆತು.”

ಶ್ರೀಶೈಲ ಬಗ್ಗಿ, ಕಟ್ಟಿಯೇ ಇದ್ದ ಬೂಟಿನ ದಾರವನ್ನು ಬಿಚ್ಚಿ ಕಟ್ಟತೊಡಗಿದ.

ವ್ಯವಹಾರ ಬೇಗ ಮುಗಿಯಿತು. ಟ್ರಂಕು ಡಿಕ್ಕಿಗೆ ಸೇರಿತು. ವಿದ್ಯಾವತಿ ಕಾದ ಸೀಟಿನ ಮೇಲೆ ತಾನೇ ಹೊಲಿದ ಕೌದಿ ಹಾಸಿ, ಮೂವರ ಮುಖವನ್ನೂ ಒದ್ದೆ ಸೆರಗಿನ ತುದಿಯಿಂದ ಒರೆಸಿದಳು. ಗುರುನಾಥನ ಮುಖ ಒರೆಸುವುದು ಮುಗಿದರೂ ಕೈ ಅವನ ಹುಬ್ಬಿನ ಮೇಲೆ ಸ್ವಲ್ಪ ಹೊತ್ತು ಉಳಿಯಿತು.

“ಇದು ನಮ್ಮದಾ?” ಎಂದು ಕೇಳಿದ ಸಿದ್ದಲಿಂಗ.

“ಹೂಂ. ನಿಮ್ಮದು.”

ಬಾಗಿಲು ಹಾಕಿದಳು. ಜಗ್ಗಿ ನೋಡಿದಳು. ಒಳಗಿನಿಂದ ಭುವನೇಶ್ವರಿ ಗಾಜಿಗೆ ಮೂಗು ಒತ್ತಿ “ಅವ್ವಾ” ಎಂದು ಕರೆದಳು. ವಿದ್ಯಾವತಿ ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ಶಮಶುದ್ದೀನನ ಹೆಂಡತಿ ಹಜರಾಬಿ ತಾಟು ಹಿಡಿದು ಬಂದಳು. ಕುಂಕುಮ, ತೆಂಗಿನಕಾಯಿ, ಲಿಂಬೆಹಣ್ಣು, ತನ್ನ ಅಂಗಳದ ನಾಲ್ಕು ದುಂಡುಮಲ್ಲಿಗೆ. ಪೂಜೆ ಮಾಡಿಸುವ ಗಿರಾಕಿಗಳಿಗೆಂದೇ ಆಕೆ ಆ ತಾಟನ್ನು ಬೇರೆ ತೆಗೆದಿಟ್ಟಿದ್ದಳು.

“ಬರಿಗೈಲೆ ಗಾಡಿ ಕಳಸೂದಿಲ್ರಿ ನಾವು,” ಎಂದು ತಾಟನ್ನು ಮುಂದೆ ಹಿಡಿದಳು. “ಮನಿ ಲಕ್ಷ್ಮೀ ನೀವು. ನೀವಽ ಮೊದಲ ಕುಂಕುಮ ಹಚ್ಚಬೇಕು, ಬರ್ರಿ.”

ವಿದ್ಯಾವತಿಯ ಕೈ ಮುಂದೆ ಬರಲಿಲ್ಲ. ಹಜರಾಬಿ ನಾಚಿಕೆಯೇನೋ ಎಂದುಕೊಂಡು ತಾಟನ್ನು ಇನ್ನಷ್ಟು ಹತ್ತಿರ ತಂದಳು.

“ಇದನ್ನ ಗಂಡ ಇದ್ದಾಕಿ ಹಚ್ಚಬೇಕವ್ವಾ,” ಎಂದಳು ವಿದ್ಯಾವತಿ. “ನಾ ಇವರ ದೊಡ್ಡವ್ವ. ಸಣ್ಣಾಕಿನ್ನ ಹಡೆದು ನನ್ನ ತಂಗಿ ಹೋದ್ಲು. ನಾಳೆ ಮುದ್ದೇಬಿಹಾಳದಾಗ ಇವರಪ್ಪಗ ಮತ್ತ ಅಕ್ಕಿಕಾಳು ಬೀಳ್ತಾವ, ಇವರವ್ವ ಆಗಿ ಬರಾಕಿನಽ ಹಚ್ಚಲಿ.”